ಕರೆದವರ ಸಂಬಳ, ಕಳಿಸಿದವರ ಕನಸು

1951ರ ನಡುವಿನಲ್ಲಿ ಹರ್ಬರ್ಟ್ ಫೀತ್ ಎಂಬ ಇಪ್ಪತ್ತರ ತರುಣರೊಬ್ಬರು ಜಕಾರ್ತಕ್ಕೆ ಬಂದಿಳಿದರು. ಮೆಲ್ಬೋರ್ನ್ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರದ ಓದು ಆಗಷ್ಟೇ ಮುಗಿದಿತ್ತು. ಸಿಕ್ಕಿದ್ದು ಇಂಡೋನೇಷ್ಯಾ ಸರ್ಕಾರದ ವಾರ್ತಾ ಸಚಿವಾಲಯದಲ್ಲಿ ಇಂಗ್ಲಿಷ್ ಬರವಣಿಗೆಗೆ ನೆರವಾಗುವ ಕೆಲಸ. ಬಿಳಿಯ ನೌಕರನಿಗೆ ಏಷ್ಯಾದಲ್ಲಿ ಅಲ್ಲಿಯವರೆಗೂ ತಾನಾಗಿ ಒದಗುತ್ತಿದ್ದ ಬಂಗಲೆ, ಆಳುಕಾಳು, ಹಲವು ಪಟ್ಟು ಹೆಚ್ಚಿನ ಸಂಬಳ ಯಾವುದೂ ಅವರಿಗಿರಲಿಲ್ಲ. ಅವು ಬೇಡವೆಂದು ತೀರ್ಮಾನಿಸಿಯೇ ಅವರು ಬಂದಿದ್ದರು. ಅದೇ ಕಚೇರಿಯ ಇಂಡೋನೇಷ್ಯಾದ ನೌಕರರಿಗೆ ಯಾವ ಶ್ರೇಣಿಯ ಸಂಬಳವೋ ಇವರಿಗೂ ಅದೇ.

ವಿದ್ಯಾರ್ಥಿಗಳು ಸೇವೆಗೆಂದು ಪರದೇಶಕ್ಕೆ ಹೋದ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಅಮೆರಿಕದ ಅಧ್ಯಕ್ಷ ಕೆನಡಿಯವರಿಂದ ಶುರುಮಾಡುತ್ತಾರೆ. ಕೆನಡಿಗಿಂತ ಹತ್ತು ವರ್ಷ ಮೊದಲೇ, ಸರ್ಕಾರದ ಯಾವ ಪ್ರೇರಣೆಯೂ ಇಲ್ಲದೆ, ಆಸ್ಟ್ರೇಲಿಯಾದ ಕೆಲವು ವಿದ್ಯಾರ್ಥಿಗಳು ಈ ಕೆಲಸದ ಅತಿ ಮುಖ್ಯವಾದ ಪ್ರಶ್ನೆಯನ್ನು ಕೇಳಿಕೊಂಡು ಅದಕ್ಕೆ ಉತ್ತರವನ್ನೂ ಕಂಡುಕೊಂಡಿದ್ದರು. ಹೋದವರು ಯಾರ ಕೈಕೆಳಗೆ ದುಡಿಯಬೇಕು, ಯಾರ ಸಂಬಳ ಉಣ್ಣಬೇಕು ಎಂಬುದೇ ಆ ಪ್ರಶ್ನೆ. ಮುಂದೆ ಕೋಟಿಗಟ್ಟಲೆ ಡಾಲರು ಸುರಿದು ನಡೆಸಿದ ಯೋಜನೆಗಳೂ ಈ ಪ್ರಶ್ನೆಯ ಮುಂದೆ ಮತ್ತೆ ಮತ್ತೆ ಎಡವಿದವು. ಆದ್ದರಿಂದ ಮೊದಲು ಜಕಾರ್ತ.

ಇಂಡೋನೇಷ್ಯಾ ಡಚ್ಚರಿಂದ ಪೂರ್ತಿ ಬಿಡಿಸಿಕೊಂಡದ್ದು 1949ರ ಡಿಸೆಂಬರಿನಲ್ಲಿ. ನೂರಾರು ವರ್ಷ ಆಳಿದ ಡಚ್ಚರು ಬಿಟ್ಟುಹೋದ ಆ ವಿಶಾಲ ದ್ವೀಪದೇಶದಲ್ಲಿ ವೈದ್ಯರು, ಎಂಜಿನಿಯರುಗಳು, ಕಾಲೇಜು ಅಧ್ಯಾಪಕರು ಬೆರಳೆಣಿಕೆಯಷ್ಟಿದ್ದರು. 1950ರಲ್ಲಿ ನಮ್ಮ ಮುಂಬಯಿಯಲ್ಲಿ ಒಂದು ಅಂತರರಾಷ್ಟ್ರೀಯ ವಿದ್ಯಾರ್ಥಿ ಸಮ್ಮೇಳನ ಸೇರಿತು. ಅಲ್ಲಿಗೆ ಬಂದಿದ್ದ ಇಂಡೋನೇಷ್ಯಾದ ವಿದ್ಯಾರ್ಥಿಗಳು ಆಸ್ಟ್ರೇಲಿಯಾದವರೊಡನೆ ಮಾತಿಗೆ ಕೂತಾಗ, ನಮ್ಮಲ್ಲಿ ಓದಿದವರು ಸಾಲದು, ನಿಮ್ಮಲ್ಲಿ ಪದವಿ ಮುಗಿಸಿದವರು ಬಂದು ನಮ್ಮ ಜೊತೆ ಯಾಕೆ ಕೆಲಸ ಮಾಡಬಾರದು ಎಂದು ಕೇಳಿದರು. ಕೇಳಿದವರು ಅವರು ಎಂಬುದನ್ನು ಗಮನಿಸಬೇಕು. ಮೆಲ್ಬೋರ್ನಿನ ವಿದ್ಯಾರ್ಥಿಗಳು ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡು ಊರಿಗೆ ಹೋದರು.

ಆಸ್ಟ್ರೇಲಿಯಾದ ನೆಲದಲ್ಲಿ ಆ ಮಾತಿಗೆ ಒಂದಿಷ್ಟು ಹದವೂ ಇತ್ತು. 1945ರಲ್ಲಿ ಇಂಡೋನೇಷ್ಯಾವನ್ನು ಮತ್ತೆ ಹಿಡಿಯಲು ಹೊರಟ ಡಚ್ಚರ ಹಡಗುಗಳಿಗೆ ಸರಕು ತುಂಬುವುದಿಲ್ಲವೆಂದು ಆಸ್ಟ್ರೇಲಿಯಾದ ಬಂದರು ಕೂಲಿಗಳು ಬಹಿಷ್ಕಾರ ಹೂಡಿದ್ದರು. ಸಿಡ್ನಿಯಲ್ಲಿ ಡಚ್ಚರ ಹಡಗುಗಳಲ್ಲಿದ್ದ ಭಾರತೀಯ ನಾವಿಕರೂ ಕೆಲಸ ಬಿಟ್ಟಿಳಿದು ಅವರ ಜೊತೆ ನಿಂತರು. ನಮ್ಮ ಇತಿಹಾಸದ ಪುಸ್ತಕಗಳು ಈ ನಾವಿಕರಿಗೆ ಇನ್ನೂ ಸಲ್ಲಬೇಕಾದ ಜಾಗ ಕೊಟ್ಟಿಲ್ಲ. ಇದರ ಮಗ್ಗುಲಲ್ಲೇ ಇನ್ನೊಂದು ಆಸ್ಟ್ರೇಲಿಯಾ ಇತ್ತು: ಏಷ್ಯಾದವರು ಬಂದು ನೆಲೆಸಕೂಡದೆಂದು ಕಾನೂನಿನ ಗೋಡೆ ಕಟ್ಟಿಕೊಂಡಿದ್ದ 'ಬಿಳಿಯ ಆಸ್ಟ್ರೇಲಿಯಾ'. ಫೀತ್ ಸ್ವತಃ ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ. ನಾಜಿಗಳಿಂದ ತಪ್ಪಿಸಿಕೊಂಡು 1939ರಲ್ಲಿ ತಂದೆತಾಯಿಯರೊಡನೆ ಮೆಲ್ಬೋರ್ನಿಗೆ ಬಂದಿದ್ದ ಮಗು. ಜನಾಂಗದ ಮೇಲರಿಮೆ ಎಲ್ಲಿಗೆ ಮುಟ್ಟುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸಮಾನ ಸಂಬಳದ ಹಟವನ್ನು ಬರೀ ತ್ಯಾಗವೆಂದು ಕರೆದರೆ ಅದರ ಮೊನೆ ಮೊಂಡಾಗುತ್ತದೆ. ಅದೊಂದು ರಾಜಕೀಯ ನಿಲುವು.

ಫೀತ್ ಹೋಗಿ ಬರೆದ ಪತ್ರಗಳು ವಿಶ್ವವಿದ್ಯಾಲಯದಲ್ಲಿ ಕೈಯಿಂದ ಕೈಗೆ ಓಡಾಡಿದವು. ಎರಡು ಸರ್ಕಾರಗಳ ನಡುವೆ ಒಂದು ಒಡಂಬಡಿಕೆಯೂ ಆಯಿತು. ಆಸ್ಟ್ರೇಲಿಯಾ ಕೊಡುತ್ತಿದ್ದುದು ಹೋಗಿಬರುವ ಖರ್ಚು, ಆರಂಭಕ್ಕೆ ಒಂದಿಷ್ಟು ಹಣ, ಒಂದು ಸೈಕಲ್ಲು. ಮಿಕ್ಕದ್ದೆಲ್ಲ ಇಂಡೋನೇಷ್ಯಾದ ಸಂಬಳದಲ್ಲೇ ನಡೆಯಬೇಕು. ಹೋದವರು ಅಲ್ಲಿಯ ಮನೆಗಳಲ್ಲಿ, ಹಾಸ್ಟೆಲುಗಳಲ್ಲಿ ಉಳಿದರು, ಭಾಷೆ ಕಲಿತರು, ಇಂಡೋನೇಷ್ಯಾದ ಮೇಲಧಿಕಾರಿಗಳ ಮಾತು ಕೇಳಿ ದುಡಿದರು. ಸಂಖ್ಯೆ ಬಹಳ ಚಿಕ್ಕದು. ಹನ್ನೆರಡು ಹದಿಮೂರು ವರ್ಷಗಳಲ್ಲಿ ಹೋದವರು ನಲವತ್ತರ ಆಸುಪಾಸು. ಪಶ್ಚಿಮ ನ್ಯೂಗಿನಿ ಯಾರದೆಂಬ ತಕರಾರಿನಲ್ಲಿ ಆಸ್ಟ್ರೇಲಿಯಾ ಡಚ್ಚರ ಪರ ನಿಂತಾಗಲೂ ಈ ಪದವೀಧರರು ಇಂಡೋನೇಷ್ಯಾದ ಕಚೇರಿ, ಪ್ರಯೋಗಾಲಯಗಳಲ್ಲಿ ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದರು. ತಮ್ಮ ದೇಶದ ವಕೀಲರಾಗಿ ಅವರು ಹೋಗಿರಲಿಲ್ಲವಾದ್ದರಿಂದ ದೇಶದ ನೀತಿಗೆ ಉತ್ತರ ಹೇಳುವ ಹೊರೆಯೂ ಅವರ ಹೆಗಲ ಮೇಲೆ ಅಷ್ಟಾಗಿ ಬೀಳಲಿಲ್ಲ.

ಈಗ ಕೆನಡಿಯವರ ಆ ಪ್ರಸಿದ್ಧ ರಾತ್ರಿ. 1960ರ ಅಕ್ಟೋಬರ್ 13ರಂದು ನಿಕ್ಸನ್ ಜೊತೆ ಮೂರನೆಯ ದೂರದರ್ಶನ ಚರ್ಚೆ ಮುಗಿಸಿ ನ್ಯೂಯಾರ್ಕಿನಿಂದ ಹಾರಿದ ಕೆನಡಿ, ಆ್ಯನ್ ಆರ್ಬರ್ ಊರಿನ ಮಿಷಿಗನ್ ವಿಶ್ವವಿದ್ಯಾಲಯ ತಲುಪುವಾಗ ನಡುರಾತ್ರಿ ಎರಡು ಗಂಟೆ. ಬರೀ ಮಲಗಲೆಂದು ಬಂದವರು. ಆದರೆ ಸಾವಿರಾರು ವಿದ್ಯಾರ್ಥಿಗಳು ಮಿಷಿಗನ್ ಯೂನಿಯನ್ ಕಟ್ಟಡದ ಮುಂದೆ ಚಳಿಯಲ್ಲಿ ಕಾದಿದ್ದರು. ಮೆಟ್ಟಿಲ ಮೇಲೆ ನಿಂತು ಅವರು ಕೆಲವೇ ನಿಮಿಷ ಮಾತಾಡಿದರು. ನಿಮ್ಮಲ್ಲಿ ಡಾಕ್ಟರಾಗುವವರು ಎಷ್ಟು ಜನ ಘಾನಾದಲ್ಲಿ ನಿಮ್ಮ ದಿನಗಳನ್ನು ಕಳೆಯಲು ಸಿದ್ಧರಿದ್ದೀರಿ ಎಂಬರ್ಥದ ಪ್ರಶ್ನೆ ಕೇಳಿದರು. ಎಂಜಿನಿಯರುಗಳಿಗೂ ಅಂಥದೇ ಪ್ರಶ್ನೆ. ಯೋಜನೆಯ ಹೆಸರಿಲ್ಲ, ಲೆಕ್ಕಾಚಾರವಿಲ್ಲ. ಒಳಗೆ ಹೋಗಿ ಮಲಗಿದರು.

ಕೆನಡಿ ಹೇಳಿದ್ದಕ್ಕಿಂತ ವಿದ್ಯಾರ್ಥಿಗಳು ಅದನ್ನು ಕೈಬಿಡದೆ ಹಿಡಿದದ್ದೇ ಈ ಪ್ರಸಂಗದಲ್ಲಿ ದೊಡ್ಡದು. ನಾಲ್ಕೇ ದಿನದಲ್ಲಿ ಚೆಸ್ಟರ್ ಬೋಲ್ಸ್ ಅದೇ ಕ್ಯಾಂಪಸ್ಸಿಗೆ ಭಾಷಣಕ್ಕೆ ಬಂದರು. ಅವರು 1951ರಿಂದ 53ರವರೆಗೆ ದೆಹಲಿಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದವರು, ಹೊಸ ದೇಶಗಳ ಹಳ್ಳಿಗಳನ್ನು ಕಂಡವರು. ಆ ಸಭೆಯಲ್ಲಿದ್ದ ಆಲನ್ ಮತ್ತು ಜುಡಿತ್ ಗಸ್ಕಿನ್ ಎಂಬ ಸ್ನಾತಕೋತ್ತರ ವಿದ್ಯಾರ್ಥಿ ದಂಪತಿ ಕ್ಯಾಂಪಸ್ ಪತ್ರಿಕೆಗೆ ಕಾಗದ ಬರೆದು, ನಾವು ಹೋಗಲು ಸಿದ್ಧ, ನೀವೂ ಬನ್ನಿ ಎಂದು ಕರೆದರು. ಸಂಘ ಕಟ್ಟಿ ಸಹಿ ಸಂಗ್ರಹಿಸಿದರು. ಸುಮಾರು ಒಂದು ಸಾವಿರ ಸಹಿ ಬಿತ್ತು. ಸುದ್ದಿ ಕೆನಡಿಯವರ ಬಳಗಕ್ಕೆ ಮುಟ್ಟಿ, ನವೆಂಬರ್ 2ರಂದು ಸ್ಯಾನ್ ಫ್ರಾನ್ಸಿಸ್ಕೋದ ಸಭೆಯಲ್ಲಿ ಅವರು 'ಪೀಸ್ ಕೋರ್' ಎಂಬ ಹೆಸರಿಟ್ಟು ಯೋಜನೆಯನ್ನು ಸಾರಿದರು. ಗಸ್ಕಿನ್ ದಂಪತಿ ಮುಂದೆ ಥಾಯ್ಲೆಂಡಿಗೆ ಹೋದ ಮೊದಲ ತಂಡದಲ್ಲಿದ್ದರು.

ಕೆನಡಿ ಒಬ್ಬರೇ ಕಂಡ ಕನಸೇನೂ ಅದಾಗಿರಲಿಲ್ಲ. ಹಾರ್ಲೆಮ್ಮಿನ ಕಪ್ಪು ಪಾದ್ರಿ ಜೇಮ್ಸ್ ರಾಬಿನ್ಸನ್ 1958ರಿಂದಲೇ ಬೇಸಿಗೆ ರಜೆಯಲ್ಲಿ ಬಿಳಿಯ, ಕಪ್ಪು ವಿದ್ಯಾರ್ಥಿಗಳನ್ನು ಒಟ್ಟಿಗೆ ಪಶ್ಚಿಮ ಆಫ್ರಿಕಕ್ಕೆ ಕರೆದೊಯ್ದು, ಅಲ್ಲಿಯ ಯುವಕರ ಜೊತೆ ಶಾಲೆ ಕಟ್ಟಿಸುತ್ತಿದ್ದರು. ಅಮೆರಿಕದ ದಕ್ಷಿಣದಲ್ಲಿ ಕಪ್ಪು ಬಿಳಿಯರು ಒಂದು ಬೆಂಚಿನಲ್ಲಿ ಕೂರಲಾಗದ ಕಾಲದಲ್ಲಿ ಅದು ಸಾಮಾನ್ಯ ಧೈರ್ಯವಲ್ಲ. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ 1952ರಲ್ಲೇ 'ಪ್ರಾಜೆಕ್ಟ್ ಇಂಡಿಯಾ' ಹೆಸರಿನಲ್ಲಿ ಹತ್ತು ಹದಿನಾಲ್ಕು ಮಂದಿ ಪ್ರತಿ ಬೇಸಿಗೆ ಭಾರತದ ಕಾಲೇಜುಗಳಿಗೆ ಬಂದುಹೋಗುತ್ತಿದ್ದರು. ಕೆನಡಾದ ಟೊರಾಂಟೋದಲ್ಲಿ ಕೀತ್ ಸ್ಪೈಸರ್ ಎಂಬ ವಿದ್ಯಾರ್ಥಿ ಹಣ ಕೂಡಿಸಿ, 1961ರಲ್ಲಿ ಒಂದು ಸಣ್ಣ ತಂಡವನ್ನು ಭಾರತ, ಸಿಲೋನ್, ಸರವಾಕ್‌ಗಳಿಗೆ ಹೊರಡಿಸಿದರು.

ಕೆನಡಿ 1961ರ ಮಾರ್ಚ್ 1ರಂದು ಆದೇಶಕ್ಕೆ ಸಹಿ ಹಾಕಿದರು. ಮುಖ್ಯಸ್ಥರಾದದ್ದು ಅವರ ತಂಗಿಯ ಗಂಡ ಸಾರ್ಜೆಂಟ್ ಶ್ರೈವರ್. ಹಿಂದಿನ ಅಧ್ಯಕ್ಷ ಐಸೆನ್‌ಹೋವರ್ ಇದನ್ನು ಹುಡುಗಾಟದ ಪ್ರಯೋಗವೆಂದು ತಳ್ಳಿಹಾಕಿದ್ದರು. ಶ್ರೈವರ್ ಹೊಸ ದೇಶಗಳ ಬಾಗಿಲು ಬಡಿಯುತ್ತ ಹೊರಟರು. ಕರೆ ಬರಲಿ ಎಂದು ಕಳಿಸುವವರೇ ಹೋಗಿ ಕೇಳಬೇಕಾಯಿತು, ಜಕಾರ್ತದ ಕ್ರಮಕ್ಕೆ ಇದು ತಿರುಗುಮುರುಗು. ಆದರೂ ಆಫ್ರಿಕದ ನಾಯಕರು ತಮಗೆ ಏನು ಬೇಕೆಂದು ಬಲ್ಲವರು. ಘಾನಾದ ಕ್ವಾಮೆ ಎನ್‌ಕ್ರೂಮಾ ಮೇಷ್ಟ್ರುಗಳನ್ನು ಕಳಿಸಿ, ಅದರಲ್ಲೂ ಗಣಿತ ವಿಜ್ಞಾನದವರನ್ನು ಎಂದರು. 1961ರ ಆಗಸ್ಟ್ 30ರಂದು ಐವತ್ತಕ್ಕೂ ಹೆಚ್ಚು ತರುಣ ಶಿಕ್ಷಕರು ಅಕ್ರಾ ವಿಮಾನ ನಿಲ್ದಾಣದಲ್ಲಿಳಿದು, ಅಲ್ಲೇ ನಿಂತು ಆ ನಾಡಿನ ಟ್ವಿ ಭಾಷೆಯಲ್ಲಿ ಹಾಡು ಹೇಳಿದರು. ಸ್ವಾಗತಿಸಲು ಬಂದವರಿಗೆ ಅದು ತುಂಬ ಹಿಡಿಸಿತು.

ಎರಡೇ ತಿಂಗಳಲ್ಲಿ ನೈಜೀರಿಯಾದಲ್ಲಿ ಎಲ್ಲ ತಲೆಕೆಳಗಾಯಿತು. ಇಬಾದಾನ್ ವಿಶ್ವವಿದ್ಯಾಲಯ ಕಾಲೇಜಿನಲ್ಲಿ ತರಬೇತಿಯಲ್ಲಿದ್ದ ಒಬ್ಬ ಅಮೆರಿಕನ್ ತರುಣಿ ಊರಿನ ಗೆಳೆಯರಿಗೆ ಒಂದು ಕಾರ್ಡು ಬರೆದಳು. ಇಲ್ಲಿಯ ಕೊಳಕು, ಹಿಂದುಳಿದ ಬದುಕಿಗೆ ನಾವು ಸಿದ್ಧರಾಗಿರಲಿಲ್ಲ, ಜನ ಬೀದಿಯಲ್ಲೇ ಅಡುಗೆ ಮಾಡುತ್ತಾರೆ, ಬೀದಿಯಲ್ಲೇ ಬದುಕುತ್ತಾರೆ ಎಂಬ ಧಾಟಿ. ಕಾರ್ಡು ದಾರಿಯಲ್ಲಿ ಬಿತ್ತು, ನೈಜೀರಿಯಾದ ವಿದ್ಯಾರ್ಥಿಯ ಕೈಗೆ ಸಿಕ್ಕಿತು, ಪ್ರತಿ ತೆಗೆದು ಹಾಸ್ಟೆಲುಗಳಲ್ಲಿ ಹಂಚಲಾಯಿತು. ಸಭೆ, ಪ್ರತಿಭಟನೆ, ಇವರೆಲ್ಲ ಗೂಢಚಾರರೆಂಬ ಕೂಗು ಎದ್ದವು. ತರುಣಿ ಕ್ಷಮೆ ಕೇಳಿ ದೇಶ ಬಿಟ್ಟಳು. ಐಸೆನ್‌ಹೋವರ್ ಅದನ್ನೇ ಎತ್ತಿ ತೋರಿಸಿ ಲೇವಡಿ ಮಾಡಿದರು.

ಈ ಪ್ರಸಂಗದಲ್ಲಿ ನನ್ನ ಮನಸ್ಸು ಎರಡೂ ಕಡೆಗೆ ಹೋಗುತ್ತದೆ. ಬಂದು ಕೆಲವೇ ವಾರ, ಕಂಡದ್ದನ್ನು ಕಂಡಂತೆ ಆಪ್ತರಿಗೆ ಬರೆದವಳ ಮೇಲೆ ಕೋಪ ಬರುವುದಿಲ್ಲ. ಸ್ವಾತಂತ್ರ್ಯ ಬಂದು ಒಂದೇ ವರ್ಷವಾಗಿದ್ದ ನಾಡಿನ ವಿದ್ಯಾರ್ಥಿಗಳ ಸಿಟ್ಟೂ ನ್ಯಾಯವಾದದ್ದೇ. ನಮ್ಮ ಮನೆಗೆ ನೆಂಟರಾಗಿ ಬಂದವರು ಹೊರಗೆ ಹೋಗಿ ಹಿತ್ತಿಲ ಮಾತಾಡಿದರೆ ನಾವು ಸುಮ್ಮನಿರುತ್ತೇವೆಯೇ? ಆ ಕಾರ್ಡು ಕಲಿಸಿದ್ದು ಇಷ್ಟು: ಆತಿಥೇಯರೂ ಓದುಬಲ್ಲವರು. ಹೋದ ವಿದ್ಯಾರ್ಥಿಗಳನ್ನು ಎದುರಿನ ವಿದ್ಯಾರ್ಥಿಗಳು ಅಳೆಯುತ್ತಲೇ ಇರುತ್ತಾರೆ. ಸೇವೆ ಎಂಬ ಹೆಸರು ಆ ಅಳತೆಯಿಂದ ಯಾರನ್ನೂ ಕಾಪಾಡುವುದಿಲ್ಲ.

ಶ್ರೈವರ್ ದೆಹಲಿಗೂ ಬಂದಿದ್ದರು. ಶ್ರೈವರರ ಉತ್ಸಾಹವನ್ನು ನೆಹರೂ ಸಮಾಧಾನದಿಂದ ಕೇಳಿ, ನಿಮ್ಮ ಹುಡುಗ ಹುಡುಗಿಯರು ಈ ದೇಶದಿಂದ ಬಹಳಷ್ಟು ಕಲಿಯಬಹುದು ಎಂಬ ಅರ್ಥದ ಮಾತಾಡಿದರು. ಕಲಿಸಲು ಬರುತ್ತೇವೆ ಎಂದವರಿಗೆ ಬಾಗಿಲು ಮುಚ್ಚದೆ, ತಲೆಯೂ ಬಾಗದೆ ಕೊಟ್ಟ ಉತ್ತರ ಅದು. ಹೊರಗಿನವರು ಗುದ್ದಲಿ ಹಿಡಿದು ಇಲ್ಲಿಗೆ ಬಂದದ್ದು ಹೊಸದೂ ಅಲ್ಲ. 1934ರ ಜನವರಿ 15ರ ಬಿಹಾರ ಭೂಕಂಪದ ನಂತರ ಸ್ವಿಸ್ ಎಂಜಿನಿಯರ್ ಪಿಯರ್ ಸೆರೆಸೋಲ್ ಯೂರೋಪಿನಿಂದ ಒಂದು ಪುಟ್ಟ ತಂಡ ತಂದು, ರಾಜೇಂದ್ರ ಪ್ರಸಾದರ ಪರಿಹಾರ ಸಮಿತಿಯೊಡನೆ ಸೇರಿ ಹಳ್ಳಿ ಕಟ್ಟಿದ್ದರು.

ಪೀಸ್ ಕೋರ್‌ಗೆ ಒಪ್ಪಿಗೆ ಸಿಕ್ಕಿದ್ದು ಸಣ್ಣ ಸಂಖ್ಯೆಗೆ. 1961ರ ಡಿಸೆಂಬರಿನಲ್ಲಿ ಮೊದಲ 26 ಮಂದಿ ಪಂಜಾಬಿಗೆ ಬಂದರು. ಭಾರತದ ಕಾರ್ಯಕ್ರಮಕ್ಕೆ ಮೊದಲ ನಿರ್ದೇಶಕರಾಗಿ ಬಂದವರು ಡಾ. ಚಾರ್ಲ್ಸ್ ಹ್ಯೂಸ್ಟನ್, 1938ರಲ್ಲೂ 1953ರಲ್ಲೂ ಕೆ-2 ಶಿಖರದ ಆರೋಹಣ ತಂಡಗಳನ್ನು ಮುನ್ನಡೆಸಿದ್ದ ವೈದ್ಯ. ಮುಂದಿನ ವರ್ಷಗಳಲ್ಲಿ ಸ್ವಯಂಸೇವಕರು ಹಲವು ರಾಜ್ಯಗಳಿಗೆ ಹರಡಿದರು. ಅಂದಿನ ಮೈಸೂರು ರಾಜ್ಯಕ್ಕೂ ಬಂದರು. ಕೋಳಿ ಸಾಕಣೆ, ಪೌಷ್ಟಿಕ ಆಹಾರ, ಆರೋಗ್ಯ ಮುಂತಾದ ಕೆಲಸ. ಇಲ್ಲಿಗೆ ಬರುವವರಿಗೆ ಮೊದಲೇ ಕನ್ನಡ ಕಲಿಸಲಾಗುತ್ತಿತ್ತು. ಹಳೆಯ ಮೈಸೂರಿನ ಕಡೆ ಕಲಿತ ಕನ್ನಡದಲ್ಲಿ ಧಾರವಾಡದ ಕಡೆ ಮಾತಾಡಲು ಹೋದರೆ ನಮ್ಮವರೇ ತಡವರಿಸುತ್ತೇವೆ. ಅಯೋವಾದಿಂದಲೋ ಓಹಾಯೋದಿಂದಲೋ ಬಂದವರ ಪಾಡನ್ನು ಊಹಿಸಿಕೊಳ್ಳಬಹುದು.

ಕೋಳಿ ಸಾಕಣೆಯನ್ನೇ ನೋಡಿ. ನಮ್ಮ ಹಳ್ಳಿಗಳಲ್ಲಿ ಕೋಳಿಗೆ ಯಾರೂ ಖರ್ಚು ಮಾಡುತ್ತಿರಲಿಲ್ಲ. ನಾಟಿ ಕೋಳಿ ತಿಪ್ಪೆ ಕೆದಕಿ ತಿಂದು, ಸಂಜೆ ಬುಟ್ಟಿಯಡಿ ಸೇರುತ್ತಿತ್ತು. ಬಿಳಿಯ ಲೆಗ್‌ಹಾರ್ನ್ ಹಾಗಲ್ಲ. ಅದಕ್ಕೆ ಶೆಡ್ಡು ಬೇಕು, ನೆಲಕ್ಕೆ ಹೊಟ್ಟು ಹಾಸಬೇಕು, ಲೆಕ್ಕ ಹಾಕಿ ಮೇವು ಕೊಡಬೇಕು, ಕೊಕ್ಕರೆ ರೋಗಕ್ಕೆ ಲಸಿಕೆ ಹಾಕಿಸಬೇಕು. ಇವೆಲ್ಲ ಸರಿಯಾಗಿ, ತಪ್ಪದೆ ಬಂದರೆ ಮೊಟ್ಟೆಯ ರಾಶಿ. ಒಂದು ತಪ್ಪಿದರೆ ಸಾಲ ಮಾಡಿ ಕಟ್ಟಿದ ಶೆಡ್ಡು ಬರಿದು. ಮೊಟ್ಟೆ ಬಂದರೂ ಹತ್ತಿರದ ಪೇಟೆಗೆ ಒಡೆಯದಂತೆ ಸಾಗಿಸಬೇಕು, ಕೊಳ್ಳುವವರಿರಬೇಕು. ಮೊಟ್ಟೆ ಮುಟ್ಟದ ಮನೆಗಳು ಊರಲ್ಲಿ ಎಷ್ಟೋ. ಇದನ್ನೆಲ್ಲ ರೈತನಿಗೆ ಮನದಟ್ಟು ಮಾಡಬೇಕಾದವರು ಇತಿಹಾಸವನ್ನೋ ಸಾಹಿತ್ಯವನ್ನೋ ಓದಿ, ಕೆಲವು ತಿಂಗಳ ತರಬೇತಿ ಪಡೆದು ಬಂದ ಇಪ್ಪತ್ತೆರಡರ ಬಿಎ ಪದವೀಧರರು. ಅಂಥವರು ಕೃಷಿಗೆ ಏನು ಸಲಹೆ ಕೊಟ್ಟಾರು ಎಂಬ ಆಕ್ಷೇಪ ಅಂದಿನಿಂದಲೂ ಇತ್ತು. ಅದರಲ್ಲಿ ಹುರುಳೂ ಇತ್ತು. ಅವರಲ್ಲಿ ಗೆದ್ದವರು ಗ್ರಾಮಸೇವಕರ, ಬ್ಲಾಕ್ ಅಧಿಕಾರಿಗಳ ಬೆನ್ನು ಬಿಡದೆ ಲಸಿಕೆ, ಮೇವು, ಸಾಲದ ಕಾಗದಗಳನ್ನು ಹೊತ್ತಿಗೆ ಸರಿಯಾಗಿ ಓಡಿಸಿದವರು ಎಂದು ನನಗೆ ತೋರುತ್ತದೆ. ಜ್ಞಾನಕ್ಕಿಂತ ಹಟ ಅಲ್ಲಿ ಹೆಚ್ಚು ಕೆಲಸಕ್ಕೆ ಬಂದಿರಬೇಕು.

1965-66ರ ಬರ, ಅಮೆರಿಕದ ಗೋಧಿ, 1966ರಲ್ಲಿ ಇಂದಿರಾ ಗಾಂಧಿಯವರ ವಾಷಿಂಗ್ಟನ್ ಭೇಟಿ ಇವೆಲ್ಲ ಕೂಡಿ ಸ್ವಯಂಸೇವಕರ ಸಂಖ್ಯೆ ಒಮ್ಮೆಗೇ ಏರಿತು. ಕೆಲವೇ ವರ್ಷಗಳಲ್ಲಿ ಒಂದೇ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಮಂದಿ ಇಲ್ಲಿದ್ದರು. ಹಿಂದೆ ನೋಡಿದರೆ ಆ ಏರಿಕೆಯೇ ಪೆಟ್ಟಾಯಿತು. ಇಪ್ಪತ್ತಾರು ಮಂದಿಗೆ ಹುಡುಕಿಕೊಡಬಹುದಾದ ನಿಜವಾದ ಕೆಲಸವನ್ನು ಸಾವಿರ ಮಂದಿಗೆ ಯಾವ ಬ್ಲಾಕ್ ಕಚೇರಿ ಹುಡುಕೀತು? ಎಲ್ಲರೂ ವಿದ್ಯಾರ್ಥಿವಯಸ್ಸಿನವರೇ ಆಗಿರಲಿಲ್ಲ. ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್ ಕಾರ್ಟರ್ 68ನೆಯ ವಯಸ್ಸಿನಲ್ಲಿ ಬಂದು ಮುಂಬಯಿ ಬಳಿಯ ವಿಕ್ರೋಲಿಯಲ್ಲಿ ನರ್ಸ್ ಆಗಿ ದುಡಿದರು. ಅವರಿಗೆ ಕಲಿತ ವೃತ್ತಿಯಿತ್ತು, ಎದುರಿಗೆ ರೋಗಿಗಳಿದ್ದರು. ಆ ಎರಡೂ ಇಲ್ಲದ ಹುಡುಗರಿಗೆ ಹಳ್ಳಿಯ ಬಾಡಿಗೆ ಕೋಣೆಯಲ್ಲಿ ಮಧ್ಯಾಹ್ನಗಳು ಬಹಳ ಉದ್ದವಾಗಿದ್ದಿರಬೇಕು. ಆಚೆ ವಿಯೆಟ್ನಾಂ ಯುದ್ಧಕ್ಕೆ ಸೇನಾ ಭರ್ತಿಯ ಭೀತಿ. ಸೇವೆಯ ಎರಡು ವರ್ಷ ಆ ಕರೆಯನ್ನು ಮುಂದೂಡುತ್ತಿತ್ತು, ತಪ್ಪಿಸುತ್ತಿರಲಿಲ್ಲ.

ಇದೇ ಹೊತ್ತಿಗೆ, 1968ರ ಏಪ್ರಿಲ್ 20ರಂದು, ಮೆಕ್ಸಿಕೋದ ಕ್ವೆರ್ನವಾಕದಲ್ಲಿ ಚಿಂತಕ ಇವಾನ್ ಇಲಿಚ್ ಮಾತಾಡಲು ಎದ್ದರು. ಎದುರಿಗಿದ್ದವರು ಮೆಕ್ಸಿಕೋದ ಹಳ್ಳಿಗಳಿಗೆ ಬೇಸಿಗೆ ಸೇವೆಗೆ ಹೋಗುವ ಅಮೆರಿಕದ ವಿದ್ಯಾರ್ಥಿಗಳ ಸಂಘಟನೆಯವರು. ನೋಡಲು ಬನ್ನಿ, ಓದಲು ಬನ್ನಿ, ಬೆಟ್ಟ ಹತ್ತಲು ಬನ್ನಿ. ನೆರವು ನೀಡುತ್ತೇವೆಂದು ಮಾತ್ರ ಬರಬೇಡಿ ಎಂಬುದು ಆ ಭಾಷಣದ ತಿರುಳು. ನೀವು ಮಾಡುವ ಹಾನಿಯನ್ನು ನಿಮ್ಮ ಮುಖಕ್ಕೇ ಹೇಳುವ ಭಾಷೆ ಈ ಹಳ್ಳಿಗರಿಗಿಲ್ಲ, ನಿಮ್ಮೂರಿನ ಬಡವರಾದರೆ ಬೈದಾದರೂ ಕಳಿಸುತ್ತಾರೆ ಎಂದರು. ಇಲಿಚ್ ಕೂಡ ಫೀತ್ ಹಾಗೆಯೇ ವಿಯೆನ್ನಾದಲ್ಲಿ ಹುಟ್ಟಿದವರು, ತಾಯಿಯ ಯಹೂದಿ ಮೂಲದಿಂದಾಗಿ ನಾಜಿಗಳ ಕಾಲದಲ್ಲಿ ಊರು ಬಿಡಬೇಕಾದವರು. ಒಬ್ಬರು ಹೊರಟುನಿಂತರು, ಇನ್ನೊಬ್ಬರು ಹೊರಟವರನ್ನು ತಡೆದರು. ಇಲಿಚ್‌ರ ಮಾತು ಕಟುವಾದದ್ದು, ಬಹುಮಟ್ಟಿಗೆ ನಿಜವಾದದ್ದು. ಆದರೆ ಫೀತ್ ಅದಕ್ಕೆ ಸಿಗುವುದಿಲ್ಲ. ಇಂಡೋನೇಷ್ಯಾದ ಅಧಿಕಾರಿಗೆ ಅವರನ್ನು ಗದರುವ, ಬೇಡವೆನ್ನುವ ಅಧಿಕಾರವಿತ್ತು, ಏಕೆಂದರೆ ಸಂಬಳ ಇಂಡೋನೇಷ್ಯಾದ್ದು. ಕೇಳಿ ಕಲಿತದ್ದನ್ನೆಲ್ಲ ಕೂಡಿಸಿ ಫೀತ್ 1962ರಲ್ಲಿ ಪ್ರಕಟಿಸಿದ, ಇಂಡೋನೇಷ್ಯಾದ ಸಾಂವಿಧಾನಿಕ ಪ್ರಜಾಪ್ರಭುತ್ವದ ಕುಸಿತವನ್ನು ಕುರಿತ ಗ್ರಂಥವನ್ನು ಆ ವಿಷಯದ ಅಧ್ಯಯನದಲ್ಲಿ ಇಂದಿಗೂ ಯಾರೂ ದಾಟಿ ಹೋಗುವುದಿಲ್ಲ.

ಭಾರತದಲ್ಲಿ ಗಾಳಿ ಬದಲಾಗುತ್ತಿತ್ತು. 1967ರಲ್ಲಿ ಅಮೆರಿಕದ ರಾಷ್ಟ್ರೀಯ ವಿದ್ಯಾರ್ಥಿ ಸಂಘಕ್ಕೆ ವರ್ಷಗಟ್ಟಲೆ ಸಿಐಎ ಹಣ ಹರಿದುಬಂದಿತ್ತೆಂದು ಅಲ್ಲಿಯ ಪತ್ರಿಕೆಯೇ ಬಯಲಿಗೆಳೆಯಿತು. ಗೂಢಚಾರಿಕೆಯ ನಂಟಿದ್ದವರನ್ನು ಪೀಸ್ ಕೋರ್ ಸೇರಿಸಿಕೊಳ್ಳುತ್ತಿರಲಿಲ್ಲ. ಆದರೆ ಮೊಟ್ಟೆ ಎಣಿಸುತ್ತಿದ್ದ ಹುಡುಗನ ಮೇಲೂ ಅನುಮಾನದ ಕಣ್ಣು ಬೀಳುವುದನ್ನು ಆ ನಿಯಮ ತಡೆಯಲಿಲ್ಲ. 1971ರ ಡಿಸೆಂಬರಿನಲ್ಲಿ ಬಾಂಗ್ಲಾ ಯುದ್ಧದ ನಡುವೆ ನಿಕ್ಸನ್ ಸರ್ಕಾರ ಬಂಗಾಳ ಕೊಲ್ಲಿಯತ್ತ 'ಎಂಟರ್‌ಪ್ರೈಸ್' ಯುದ್ಧನೌಕೆ ಕಳಿಸಿದ ಮೇಲೆ, ಅಮೆರಿಕದ ಸರ್ಕಾರ ಕಳಿಸಿದ ತರುಣರಿಗೆ ಇಲ್ಲಿ ನಿಲ್ಲಲು ನೆಲೆ ಉಳಿಯಲಿಲ್ಲ. ಸಂಖ್ಯೆ ಇಳಿಯುತ್ತ ಹೋಗಿ 1976ರಲ್ಲಿ ಕಾರ್ಯಕ್ರಮ ಮುಚ್ಚಿತು. ಆ ಹದಿನೈದು ವರ್ಷಗಳಲ್ಲಿ ಬಂದುಹೋದವರು ನಾಲ್ಕು ಸಾವಿರಕ್ಕೂ ಹೆಚ್ಚು.

ಅಷ್ಟರಲ್ಲಿ, ಹೋದವರು ಯಾರ ಕೈಕೆಳಗೆ ದುಡಿಯಬೇಕು ಎಂಬ ಆ ಮೊದಲ ಪ್ರಶ್ನೆಗೆ ನಮ್ಮವರೊಬ್ಬರು ಬೇರೆ ಉತ್ತರ ಕೊಟ್ಟಾಗಿತ್ತು. ಬಳ್ಳಾರಿಯಿಂದ ಲೋಕಸಭೆಗೆ ಆರಿಸಿಹೋಗಿದ್ದ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಕೇಂದ್ರದ ಶಿಕ್ಷಣ ಸಚಿವರಾಗಿದ್ದಾಗ, ಗಾಂಧೀಜಿಯ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆಯನ್ನು 37 ವಿಶ್ವವಿದ್ಯಾಲಯಗಳಲ್ಲಿ ಆರಂಭಿಸಿದರು. ಮೊದಲ ವರ್ಷವೇ ನಲವತ್ತು ಸಾವಿರ ವಿದ್ಯಾರ್ಥಿಗಳು. ಕಡಲು ದಾಟುವ ಮಾತಿಲ್ಲ. ಕಾಲೇಜಿನ ಆಸುಪಾಸಿನ ಹಳ್ಳಿಗೇ ಹೋಗಿ ಶಿಬಿರ ಹೂಡಿ ಕೆಲಸ ಮಾಡಬೇಕು. ಭಾಷೆ ಒಂದೇ ಆಗಿರುವುದರಿಂದ, ಇಲಿಚ್ ಹೇಳಿದಂತೆ, ಹಳ್ಳಿಗರು ಬೈದು ಕಳಿಸಲೂ ಬಹುದು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ 1973ರಲ್ಲಿ ಈ ಯೋಜನೆಯ ಶಿಬಿರಗಳು ಬರಗಾಲದ ವಿರುದ್ಧದ ಕೆಲಸವನ್ನೇ ಎತ್ತಿಕೊಂಡಿದ್ದವು.